ಮೂರು ಬೆರಳು, ಐದು ಅಂಗಿ

2014ರ ನವೆಂಬರ್ 19. ಥಾಯ್ಲೆಂಡಿನ ಈಶಾನ್ಯ ಭಾಗದ ಖೋನ್ ಕೇನ್ ನಗರ. ಆರು ತಿಂಗಳ ಹಿಂದೆ ಚುನಾಯಿತ ಸರ್ಕಾರವನ್ನು ಉರುಳಿಸಿ, ಆಮೇಲೆ ತಾವೇ ಪ್ರಧಾನಿಯೂ ಆದ ಜನರಲ್ ಪ್ರಯುತ್ ಚಾನ್-ಓಚಾ ಭಾಷಣ ಮಾಡುತ್ತಿದ್ದರು. ಅವರೆದುರಿಗೆ ಐವರು ವಿದ್ಯಾರ್ಥಿಗಳು ಎದ್ದು ನಿಂತು ಮೇಲಂಗಿ ಬಿಚ್ಚಿದರು. ಒಳಗೆ ಕಪ್ಪು ಟೀ ಶರ್ಟು. ಒಂದೊಂದರ ಮೇಲೂ ಥಾಯ್ ಭಾಷೆಯ ಒಂದೊಂದು ತುಣುಕು. ಐದನ್ನೂ ಸಾಲಾಗಿ ಓದಿಕೊಂಡರೆ ‘ಸೇನಾ ದಂಗೆ ಬೇಡ’ ಎಂಬ ಅರ್ಥ. ಘೋಷಣೆ ಕೂಗಲಿಲ್ಲ, ಕಲ್ಲು ಎಸೆಯಲಿಲ್ಲ. ಕೈ ಮೇಲೆತ್ತಿ, ನಡುವಿನ ಮೂರು ಬೆರಳುಗಳನ್ನು ಜೋಡಿಸಿ ಹಿಡಿದರು, ಅಷ್ಟೇ.

ಪ್ರಯುತ್ ರೇಗಲಿಲ್ಲ. ಇನ್ನೂ ಯಾರಾದರೂ ಪ್ರತಿಭಟಿಸುವವರಿದ್ದರೆ ಬೇಗ ಬಂದು ಮುಗಿಸಿಬಿಡಿ ಎಂಬರ್ಥದಲ್ಲಿ ಮಾತನಾಡಿ ಭಾಷಣ ಮುಂದುವರಿಸಿದರು. ವಿದ್ಯಾರ್ಥಿಗಳನ್ನು ಸೇನಾ ಶಿಬಿರಕ್ಕೆ ಒಯ್ದು ವಿಚಾರಿಸಿ ಬಳಿಕ ಬಿಟ್ಟರು. ಆಗಿನ ಆಡಳಿತದ ಬಾಯಲ್ಲಿ ಇದಕ್ಕೆ ಬಂಧನ ಎಂಬ ಹೆಸರಿರಲಿಲ್ಲ. ‘ಮನೋಭಾವ ತಿದ್ದುವುದು’ ಎನ್ನುತ್ತಿದ್ದರು. ಮೇಷ್ಟ್ರು ಕಿವಿ ಹಿಂಡುವಾಗ ಹೇಳುವಂಥ ಮಾತನ್ನು ಬಂದೂಕು ಹಿಡಿದವರು ಹೇಳುತ್ತಿದ್ದರು.

ಆ ಮೂರು ಬೆರಳು ಯಾವುದೇ ಥಾಯ್ ಪಕ್ಷದ ಗುರುತಲ್ಲ, ಯಾವ ಹಳೆಯ ಹೋರಾಟದ ನೆನಪೂ ಅಲ್ಲ. ಅಮೆರಿಕದ ಸುಝಾನ್ ಕಾಲಿನ್ಸ್ ಹದಿಹರೆಯದವರಿಗಾಗಿ ಬರೆದು 2008ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ‘ದಿ ಹಂಗರ್ ಗೇಮ್ಸ್’ ಕಾದಂಬರಿಯಿಂದ, ಅದಕ್ಕಿಂತ ಹೆಚ್ಚಾಗಿ 2012ರಿಂದ ಬಂದ ಅದರ ಸಿನಿಮಾಗಳಿಂದ, ಅದು ಬ್ಯಾಂಕಾಕ್‌ಗೆ ಬಂದಿತ್ತು. ಮಕ್ಕಳ ಕಪಾಟಿನ ಪುಸ್ತಕವೊಂದರ ಕೈಸನ್ನೆ ಒಂದು ದೇಶದ ಸೇನೆಗೆ ತಲೆನೋವಾದದ್ದು ಹೇಗೆ ಎಂಬುದು ಈ ಪ್ರಕರಣ. ಸಾಹಿತ್ಯದ ‘ಪ್ರಭಾವ’ವನ್ನು ಕೊಂಡಾಡುವ ಲೇಖನಗಳಲ್ಲಿ ಇದನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ: ಕಥೆ ಜನರಿಗೆ ಅನ್ಯಾಯ ಏನೆಂದು ತಿಳಿಸಿತು, ಅವರು ಎದ್ದು ನಿಂತರು. ಆ ಎರಡು ಸಾಲು ಪೂರ್ತಿ ಸರಿಯಲ್ಲ ಎಂಬುದು ನನ್ನ ತಕರಾರು.

ಪುಸ್ತಕದೊಳಗೆ

ಮೊದಲು ಪುಸ್ತಕಕ್ಕೆ ಹೋಗೋಣ. ಸಿನಿಮಾ ನೋಡಿದವರು ಇಲ್ಲಿಯೇ ಒಂದು ಮುಖ್ಯ ಸಂಗತಿಯನ್ನು ಕಳೆದುಕೊಂಡಿರುತ್ತಾರೆ.

ಪ್ಯಾನೆಮ್ ಎಂಬ ದೇಶ. ನಡುವೆ ಕ್ಯಾಪಿಟಲ್ ಎಂಬ ಮೆರೆಯುವ ರಾಜಧಾನಿ, ಸುತ್ತ ದುಡಿಯುವ ಹನ್ನೆರಡು ಜಿಲ್ಲೆಗಳು. ಹಿಂದೊಮ್ಮೆ ದಂಗೆ ಎದ್ದ ತಪ್ಪಿಗೆ ಪ್ರತಿ ಜಿಲ್ಲೆಯೂ ವರ್ಷಕ್ಕೊಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಕಳುಹಿಸಬೇಕು. ವಯಸ್ಸು 12ರಿಂದ 18. ಇಪ್ಪತ್ತನಾಲ್ಕು ಮಕ್ಕಳನ್ನು ಒಂದು ಕಣಕ್ಕೆ ಬಿಟ್ಟು, ಒಬ್ಬರು ಉಳಿಯುವ ತನಕ ಕೊಲ್ಲಾಟ, ಅದರ ನೇರ ಪ್ರಸಾರ, ನೋಡುವುದು ಎಲ್ಲರಿಗೂ ಕಡ್ಡಾಯ. ಹೀಗೆ ಕಳುಹಿಸಿದ ಮಕ್ಕಳನ್ನು ಕರೆಯುವ ಹೆಸರಿನ ನೇರ ಅರ್ಥ ಕಪ್ಪ. ಅವರನ್ನು ಆರಿಸುವ ದಿನದ ಹೆಸರಿನ ಅರ್ಥ ಕೊಯ್ಲು. ಪ್ಯಾನೆಮ್ ಎಂಬುದೂ ರೋಮನ್ ಕವಿ ಜುವೆನಾಲ್‌ನ ‘ರೊಟ್ಟಿ ಮತ್ತು ಆಟೋಟ’ ಎಂಬ ಚುಚ್ಚುಮಾತಿನಿಂದ ಎತ್ತಿಕೊಂಡ ರೊಟ್ಟಿ.

ಕಾಲಿನ್ಸ್ ತಮ್ಮ ಮೂಲ ಎಂದು ಹೇಳಿಕೊಂಡಿರುವುದು ಮಕ್ಕಳನ್ನು ರಾಕ್ಷಸನಿಗೆ ಕಪ್ಪವಾಗಿ ಕಳುಹಿಸುವ ಗ್ರೀಕರ ಥೀಸಿಯಸ್ ಕಥೆಯನ್ನು. ಜೊತೆಗೆ ಒಂದು ರಾತ್ರಿ ಟಿವಿ ಚಾನೆಲ್ ಬದಲಿಸುತ್ತ ಕೂತಾಗ ರಿಯಾಲಿಟಿ ಶೋ ಮತ್ತು ಇರಾಕ್ ಯುದ್ಧದ ದೃಶ್ಯಗಳು ಒಂದರೊಳಗೊಂದು ಕಲಸಿಕೊಂಡ ಅನುಭವವನ್ನು. ನಮಗೆ ಹತ್ತಿರದ ಕಥೆ ಬಕಾಸುರನದು. ಏಕಚಕ್ರ ನಗರದಲ್ಲಿ ಮನೆಗೊಂದು ಸರದಿ, ಬಂಡಿ ತುಂಬ ಅನ್ನ, ಜೊತೆಗೊಬ್ಬ ಮನುಷ್ಯ. ವ್ಯಾಸರ ಮೂಲದಲ್ಲಿ ಸರದಿ ಬಂದ ಬ್ರಾಹ್ಮಣ ಒಂದು ಮಾತು ಹೇಳಿ ಅಳುತ್ತಾನೆ: ಬದಲಿಗೆ ಒಬ್ಬ ಆಳನ್ನು ಕೊಂಡು ಕಳುಹಿಸೋಣವೆಂದರೆ ನನ್ನಲ್ಲಿ ಅಷ್ಟು ಹಣವಿಲ್ಲ. ಅಂದರೆ ಹಣವಿದ್ದವರು ಅದನ್ನೂ ಮಾಡುತ್ತಿದ್ದರು.

ಕಾಲಿನ್ಸ್ ಈ ಬಡತನದ ಲೆಕ್ಕವನ್ನು ಅಂಕಿಗಳಲ್ಲೇ ಇಟ್ಟಿದ್ದಾರೆ. ಹನ್ನೆರಡನೇ ವಯಸ್ಸಿಗೆ ಬುಟ್ಟಿಯಲ್ಲಿ ಒಂದು ಚೀಟಿ, ಮುಂದಿನ ವರ್ಷ ಎರಡು, ಹೀಗೆ ಏರುತ್ತದೆ. ಮನೆಯಲ್ಲಿ ಹೊಟ್ಟೆಗಿಲ್ಲದಿದ್ದರೆ ತಲೆಗೊಂದರಂತೆ ವರ್ಷದ ಕಾಳು, ಎಣ್ಣೆ ಪಡೆಯಬಹುದು. ಪ್ರತಿ ಪಡಿತರಕ್ಕೂ ಒಂದು ಹೆಚ್ಚುವರಿ ಚೀಟಿ ಬೀಳುತ್ತದೆ. ಕಥಾನಾಯಕಿ ಕ್ಯಾಟ್ನಿಸ್‌ಗೆ ಹದಿನಾರು ವರ್ಷ. ತಾನು, ತಾಯಿ, ತಂಗಿ ಎಂದು ವರ್ಷಕ್ಕೆ ಮೂರು ಪಡಿತರ, ಐದು ವರ್ಷಕ್ಕೆ ಹದಿನೈದು, ವಯಸ್ಸಿನ ಚೀಟಿ ಐದು, ಒಟ್ಟು 20. ಐದು ಬಾಯಿಗಳ ಮನೆ ಹೊತ್ತ ಅವಳ ಗೆಳೆಯ ಗೇಲ್‌ನ ಹೆಸರಿನಲ್ಲಿ 42. ಉಳ್ಳವರ ಮಕ್ಕಳಿಗೆ ನಾಲ್ಕೋ ಐದೋ. ಹಸಿದಷ್ಟೂ ಸಾವಿನ ಬುಟ್ಟಿಯಲ್ಲಿ ಹೆಸರು ಹೆಚ್ಚುತ್ತದೆ, ಆಗ ಚೀಟಿ ಕಡಿಮೆ ಇರುವವರನ್ನು ಕಂಡರೆ ಹೆಚ್ಚು ಇರುವವರಿಗೆ ಹೊಟ್ಟೆಯುರಿ; ರಾಜಧಾನಿಗೆ ಬೇಕಾದದ್ದೂ ಅದೇ. ದಬ್ಬಾಳಿಕೆ ನಡೆಯುವುದು ಚಾವಟಿಗಿಂತ ಹೆಚ್ಚಾಗಿ ಲೆಕ್ಕದ ಪುಸ್ತಕದಿಂದ ಎಂಬುದನ್ನು ಹದಿಮೂರು ವರ್ಷದ ಓದುಗರಿಗೆ ಇಷ್ಟು ಸಲೀಸಾಗಿ ತಿಳಿಸಿದ ಬೇರೆ ಕಥೆ ನನಗೆ ನೆನಪಾಗುತ್ತಿಲ್ಲ.

ಆದರೆ ಬರುವುದು ತಂಗಿ ಪ್ರಿಮ್‌ಳ ಹೆಸರು, ಸಾವಿರಾರು ಚೀಟಿಗಳ ನಡುವೆ ಇದ್ದ ಅವಳ ಒಂದೇ ಚೀಟಿ. ಅಕ್ಕ ತಾನು ಹೋಗುತ್ತೇನೆ ಎನ್ನುತ್ತಾಳೆ. ವೇದಿಕೆಯಲ್ಲಿದ್ದ ರಾಜಧಾನಿಯ ನಿರೂಪಕಿ ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿ ಎಂದು ಹುರಿದುಂಬಿಸುತ್ತಾಳೆ. ಯಾರೂ ತಟ್ಟುವುದಿಲ್ಲ. ಮೌನ. ಬಳಿಕ ಒಬ್ಬರಾದ ಮೇಲೆ ಒಬ್ಬರು ಎಡಗೈಯ ನಡುವಿನ ಮೂರು ಬೆರಳನ್ನು ತುಟಿಗೆ ಒತ್ತಿ ಅವಳತ್ತ ಚಾಚುತ್ತಾರೆ. ಅದು ತಮ್ಮ ಜಿಲ್ಲೆಯ ಹಳೆಯ, ಈಗ ಅಪರೂಪವಾದ ಸನ್ನೆ, ಕೆಲವೊಮ್ಮೆ ಶವಸಂಸ್ಕಾರದಲ್ಲಿ ಕಾಣುವಂಥದ್ದು ಎಂದು ಕ್ಯಾಟ್ನಿಸ್ ನಮಗೆ ತಿಳಿಸುತ್ತಾಳೆ. ಕೃತಜ್ಞತೆ, ಮೆಚ್ಚುಗೆ, ಪ್ರೀತಿಸಿದವರಿಗೆ ಹೇಳುವ ವಿದಾಯ: ಮೂರೂ ಅದರಲ್ಲಿವೆ.

ಹಾಗಾಗಿ ಪುಸ್ತಕದಲ್ಲಿ ಅದು ಬಂಡಾಯದ ಮುಷ್ಟಿ ಅಲ್ಲ. ಸತ್ತವರ ಮನೆಯ ಮುಂದೆ ಮಾಡುವ ಸನ್ನೆ. ಬದುಕಿರುವ ಹುಡುಗಿಯನ್ನು ಊರು ಆಗಲೇ ಕಳೆದುಕೊಂಡಾಗಿದೆ ಎಂದು ಒಪ್ಪಿಕೊಳ್ಳುವ ಕ್ಷಣ ಅದು. ಅದು ರಾಜಕೀಯವಾಗುವುದು ಚಪ್ಪಾಳೆ ಕೇಳಿದ ಜಾಗದಲ್ಲಿ ಮಾಡಿದ್ದರಿಂದ. ತಮಾಷೆ ನೋಡಲು ಕರೆದವರ ಮುಂದೆ ಊರು ಶೋಕ ಆಚರಿಸಿತು.

ಸಿನಿಮಾದಲ್ಲಿ ಈ ತೂಕ ಜರುಗಿತು. ಹನ್ನೊಂದನೇ ಜಿಲ್ಲೆಯ ರೂ ಎಂಬ ಪುಟ್ಟ ಹುಡುಗಿ ಕಣದಲ್ಲಿ ಸತ್ತಾಗ ಪುಸ್ತಕದ ಕ್ಯಾಟ್ನಿಸ್ ಅವಳ ದೇಹಕ್ಕೆ ಹೂವಿಟ್ಟು, ಅವಳತ್ತ ಆ ಮೂರು ಬೆರಳು ಚಾಚುತ್ತಾಳೆ. ಉತ್ತರವಾಗಿ ಆ ಬಡ ಜಿಲ್ಲೆ ದುಡ್ಡು ಕೂಡಿಸಿ ಅವಳಿಗೆ ಬೀಜ ಅಂಟಿಸಿದ ಚಂದ್ರಾಕಾರದ ರೊಟ್ಟಿಯೊಂದನ್ನು ಕಳುಹಿಸುತ್ತದೆ. ಒಂದು ಜಿಲ್ಲೆಯವರು ಇನ್ನೊಂದು ಜಿಲ್ಲೆಯ ಮಗುವಿಗೆ ರೊಟ್ಟಿ ಕೊಡುವುದು ಆ ಜಗತ್ತಿನಲ್ಲಿ ಹಿಂದೆಂದೂ ನಡೆದಿರದ ಸಂಗತಿ. 2012ರ ಸಿನಿಮಾದಲ್ಲಿ ಕ್ಯಾಟ್ನಿಸ್ ಕ್ಯಾಮೆರಾಕ್ಕೆ ಸನ್ನೆ ಮಾಡುತ್ತಾಳೆ, ಜಿಲ್ಲೆಯಲ್ಲಿ ದೊಂಬಿ ಏಳುತ್ತದೆ. ರೊಟ್ಟಿ ಹೋಯಿತು, ಕಲ್ಲು ಬಂತು. ನನಗೆ ರೊಟ್ಟಿಯೇ ಇಷ್ಟ. ಆದರೆ ಬ್ಯಾಂಕಾಕಿನ ಬೀದಿಗೆ ಇಳಿದದ್ದು ಸಿನಿಮಾದ ಸನ್ನೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ತುಟಿಗೆ ಒತ್ತಿಕೊಳ್ಳುವ ಮೊದಲ ಭಾಗ ದಾರಿಯಲ್ಲೇ ಉದುರಿ, ಮೇಲೆತ್ತಿದ ಕೈಯಷ್ಟೇ ಉಳಿಯಿತು.

ಐದು ಎಂಬ ಸಂಖ್ಯೆ

2014ರ ಮೇ 22ರಂದು ನಡೆದದ್ದು 1932ರಿಂದೀಚೆಗೆ ಥಾಯ್ಲೆಂಡಿನಲ್ಲಿ ಯಶಸ್ವಿಯಾದ ಹನ್ನೆರಡನೇ ಕ್ಷಿಪ್ರಕ್ರಾಂತಿ. ಸೇನೆ ಹೊರಡಿಸಿದ ಮೊದಲ ಆಜ್ಞೆಗಳಲ್ಲೇ ಒಂದು, ಐದು ಅಥವಾ ಹೆಚ್ಚು ಜನ ರಾಜಕೀಯ ಉದ್ದೇಶಕ್ಕೆ ಗುಂಪುಗೂಡುವಂತಿಲ್ಲ ಎಂಬುದು. ತಪ್ಪಿದರೆ ಒಂದು ವರ್ಷದವರೆಗೆ ಜೈಲು. ನಮಗೆ ಈ ಸಂಖ್ಯೆಯ ಪರಿಚಯ ಮಾಡಿಕೊಡಬೇಕಿಲ್ಲ. ‘144 ಹಾಕಿದ್ದಾರೆ’ ಎಂದರೆ ಇಲ್ಲಿ ಹೈಸ್ಕೂಲು ಹುಡುಗರಿಗೂ ಅರ್ಥವಾಗುತ್ತದೆ.

ಹೀಗೆ ಗುಂಪು, ಮೆರವಣಿಗೆ, ಫಲಕ ಎಲ್ಲಕ್ಕೂ ಬೇಲಿ ಬಿದ್ದಾಗ ಉಳಿದದ್ದು ದೇಹ. ಜೂನ್ 1ರ ಭಾನುವಾರ, ಬ್ಯಾಂಕಾಕ್ ನಗರದ ತುಂಬ ಸಾವಿರಾರು ಸೈನಿಕರು, ಪೊಲೀಸರು ಕಾವಲಿದ್ದಾಗ ಅಸೋಕ್ ಪ್ರದೇಶದ ಒಂದು ಮಾಲ್ ಬಳಿ ಜನ ಮೂರು ಬೆರಳು ಎತ್ತಿದರು. ಇದಕ್ಕೆ ಕರೆ ಕೊಟ್ಟವರಲ್ಲಿ ಪ್ರಮುಖರಾದ ಸೋಂಬಟ್ ಬೂನ್‌ಗಾಮ್‌ಅನೊಂಗ್ ತಲೆಮರೆಸಿಕೊಂಡು, ಆಗುವುದಾದರೆ ಹಿಡಿಯಿರಿ ಎಂದು ಅಂತರ್ಜಾಲದಲ್ಲಿ ಕೆಣಕುತ್ತಿದ್ದರು. ಜೂನ್ 5ರಂದು ಸಿಕ್ಕಿಬಿದ್ದರು.

ಸೇನೆಯ ವಕ್ತಾರರು ಪತ್ರಕರ್ತರಿಗೆ ಕೊಟ್ಟ ವಿವರಣೆ ಈ ಪ್ರಕರಣದ ಅತ್ಯಂತ ಸ್ವಾರಸ್ಯದ ದಾಖಲೆ. ಸನ್ನೆ ಸಿನಿಮಾದಿಂದ ಬಂದದ್ದೆಂದು ನಮಗೆ ಗೊತ್ತು, ಅದು ಪ್ರತಿರೋಧದ ಗುರುತು ಎಂದಿಟ್ಟುಕೊಳ್ಳೋಣ. ಒಬ್ಬರೇ ಮೂರು ಬೆರಳು ಎತ್ತಿದರೆ ಹಿಡಿಯುವುದಿಲ್ಲ. ಐವರು ಸೇರಿ ರಾಜಕೀಯವಾಗಿ ಎತ್ತಿದರೆ ಕ್ರಮ ತೆಗೆದುಕೊಳ್ಳಬೇಕಾಗುತ್ತದೆ. ಇದರ ಒಳಗಿನ ಪೇಚನ್ನು ಗಮನಿಸಿ. ಕೈಗೆ ಐದು ಬೆರಳಿವೆ, ಮೂರನ್ನು ಎತ್ತಿದರೆ ಅಪರಾಧವೇ ಎಂದು ಕೇಳಿದರೆ ಯಾವ ಕಾನೂನಿನ ಪುಸ್ತಕದಲ್ಲೂ ಉತ್ತರವಿಲ್ಲ. ಹಾಗಾಗಿ ಬೆರಳು ಬಿಟ್ಟು ತಲೆ ಎಣಿಸಬೇಕಾಯಿತು. ಅದೇ ಜೂನ್ ತಿಂಗಳಲ್ಲಿ ವಿದ್ಯಾರ್ಥಿಗಳು ‘ಪ್ರಜಾಪ್ರಭುತ್ವಕ್ಕಾಗಿ ಸ್ಯಾಂಡ್‌ವಿಚ್’ ಎಂದು ಸುಮ್ಮನೆ ಕೂತು ತಿನ್ನತೊಡಗಿದಾಗ ಅದಕ್ಕೂ ಎಚ್ಚರಿಕೆ ಬಂತು, ಸ್ಯಾಂಡ್‌ವಿಚ್ ತಿಂದವರ ಬಂಧನವೂ ಆಯಿತು. ರೊಟ್ಟಿ ಹಂಚಿಕೊಳ್ಳುವುದೇ ದ್ರೋಹವಾಗುವ ಪುಸ್ತಕದ ದೃಶ್ಯ ಸಿನಿಮಾದಿಂದ ಬಿಟ್ಟುಹೋಗಿದ್ದರೂ, ಅದನ್ನು ಬಹುಶಃ ಓದಿಯೇ ಇರದ ಅಧಿಕಾರಿಗಳು ಬೀದಿಯಲ್ಲಿ ಪೂರ್ತಿ ಮಾಡಿಕೊಟ್ಟರು.

ಈಗ ಖೋನ್ ಕೇನ್‌ನ ಟೀ ಶರ್ಟುಗಳಿಗೆ ಮರಳಿ. ಒಬ್ಬನ ಅಂಗಿಯ ಮೇಲಿನ ತುಣುಕಿಗೆ ಒಂಟಿಯಾಗಿ ಅರ್ಥವಿಲ್ಲ. ನಾಲ್ವರಾದರೆ ವಾಕ್ಯ ಅರ್ಧ. ವಾಕ್ಯ ಪೂರ್ತಿಯಾಗಬೇಕಾದರೆ ಐವರು ಬೇಕು, ಐವರಾದ ಕೂಡಲೇ ಕಾನೂನಿನ ಪ್ರಕಾರ ಗುಂಪು. ಇದು ಬೇಕೆಂದೇ ಮಾಡಿದ್ದೋ ಕಾಕತಾಳೀಯವೋ, ಆಜ್ಞೆಯನ್ನು ಇಷ್ಟು ಅಚ್ಚುಕಟ್ಟಾಗಿ ಮುರಿದದ್ದು ಮಾತ್ರ ನಿಜ. ಆ ಐವರು ಖೋನ್ ಕೇನ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಗಳು, ‘ದಾವೋ ದಿನ್’ ಎಂಬ ಬಳಗದವರು. ಲೋಯಿ ಪ್ರಾಂತ್ಯದಲ್ಲಿ ಚಿನ್ನದ ಗಣಿಯ ವಿರುದ್ಧ ನಿಂತ ಹಳ್ಳಿಗರ ಜೊತೆ ಕೆಲಸ ಮಾಡುತ್ತಿದ್ದವರು. ಈಶಾನ್ಯದ ಈಸಾನ್ ಪ್ರದೇಶವೆಂದರೆ ಬ್ಯಾಂಕಾಕ್‌ಗೆ ಕೂಲಿಗಳನ್ನು, ಟ್ಯಾಕ್ಸಿ ಚಾಲಕರನ್ನು ಕಳುಹಿಸುವ ಬಡ ಸೀಮೆ. ಕ್ಯಾಟ್ನಿಸ್‌ಳ ಊರೂ ಗಣಿಯದೇ. ಸಿನಿಮಾ ನೋಡಿ ಇವರಿಗೆ ಅನ್ಯಾಯ ಅರ್ಥವಾಯಿತು ಎಂದರೆ ಅದು ಉಲ್ಟಾ ಮಾತು. ಅನ್ಯಾಯ ಮೊದಲೇ ಗೊತ್ತಿತ್ತು, ಸಿನಿಮಾ ಒಂದು ಕೈಯನ್ನು ಎರವಲು ಕೊಟ್ಟಿತು.

ಮರುದಿನ ಬಿಡುಗಡೆ

ನವೆಂಬರ್ 20ರಂದು ಸರಣಿಯ ಮೂರನೇ ಸಿನಿಮಾ ‘ಮಾಕಿಂಗ್‌ಜೇ’ ಮೊದಲ ಭಾಗ ಥಾಯ್ಲೆಂಡಿನಲ್ಲಿ ತೆರೆ ಕಂಡಿತು. ತಮಸಾತ್ ವಿಶ್ವವಿದ್ಯಾಲಯದ ಒಂದು ವಿದ್ಯಾರ್ಥಿ ಬಳಗ ನೂರಕ್ಕೂ ಹೆಚ್ಚು ಟಿಕೆಟ್ ಕೊಂಡು ಹಂಚಲು ಯೋಜಿಸಿತ್ತು. ಅದು ಗೊತ್ತಾದ ಮೇಲೆ ಬ್ಯಾಂಕಾಕಿನ ಅಪೆಕ್ಸ್ ಚಿತ್ರಮಂದಿರ ಸಮೂಹ ಪ್ರದರ್ಶನಗಳನ್ನೇ ಕೈಬಿಟ್ಟಿತು. ಬೇರೆ ಚಿತ್ರಮಂದಿರಗಳಲ್ಲಿ ಸಿನಿಮಾ ಎಂದಿನಂತೆ ಓಡಿತು. ಸಿಯಾಮ್ ಪ್ಯಾರಗಾನ್ ಮಾಲ್‌ನಲ್ಲಿ ಸಿನಿಮಾದ ಪೋಸ್ಟರ್ ಮುಂದೆ ನಿಂತು ಮೂರು ಬೆರಳು ಎತ್ತಿದ ವಿದ್ಯಾರ್ಥಿನಿಯೊಬ್ಬಳನ್ನು ಪೊಲೀಸರು ಕರೆದೊಯ್ದರು.

ಈ ದೃಶ್ಯವನ್ನು ನಿಧಾನವಾಗಿ ನೋಡಬೇಕು. ಒಳಗೆ ಕತ್ತಲಲ್ಲಿ, ಟಿಕೆಟ್ ತೆಗೆದುಕೊಂಡು, ಪಾಪ್‌ಕಾರ್ನ್ ತಿನ್ನುತ್ತ, ದಬ್ಬಾಳಿಕೆಯ ವಿರುದ್ಧದ ಬಂಡಾಯವನ್ನು ಎರಡು ಗಂಟೆ ನೋಡಬಹುದು. ಹೊರಗೆ ಬೆಳಕಿನಲ್ಲಿ ಅದೇ ಕೈ ಎತ್ತಿದರೆ ಠಾಣೆ. ಥಾಯ್ಲೆಂಡಿನಲ್ಲಿ ಆಗ ಪ್ರತಿ ಸಿನಿಮಾಕ್ಕೆ ಮುಂಚೆ ರಾಜಗೀತೆ ನುಡಿಸುತ್ತಿದ್ದರು, ಎಲ್ಲರೂ ಎದ್ದು ನಿಲ್ಲಬೇಕಿತ್ತು. ಅಂದರೆ ಅಂದಿನ ಪ್ರೇಕ್ಷಕರು ಮೊದಲು ಎದ್ದು ನಿಂತು ಗೌರವ ಸಲ್ಲಿಸಿ, ಆಮೇಲೆ ಕೂತು ದಂಗೆ ನೋಡಿದರು. ಸಿನಿಮಾವನ್ನೇ ನಿಷೇಧಿಸದೆ ಬಿಟ್ಟದ್ದನ್ನು ನಾನು ಸೇನೆಯ ಉದಾರತೆ ಎನ್ನಲಾರೆ. ಕೂತು ನೋಡುವವರಿಂದ ಯಾವ ಅಧಿಕಾರಕ್ಕೂ ಅಪಾಯವಿಲ್ಲ. ಎದ್ದವರು ಲೆಕ್ಕಕ್ಕೆ ಬರುತ್ತಾರೆ.

ಸಿನಿಮಾದವರಿಗೂ ಇದು ಇರಿಸುಮುರಿಸಿನ ಸಂಗತಿಯಾಗಿತ್ತು. ಹಿಂದಿನ ವರ್ಷ ಎರಡನೇ ಭಾಗ ಬಂದಾಗ ಅಮೆರಿಕದ ಸೌಂದರ್ಯ ಸಾಧನಗಳ ಕಂಪನಿ ಕವರ್‌ಗರ್ಲ್ ‘ಕ್ಯಾಪಿಟಲ್’ ಹೆಸರಿನಲ್ಲೇ ಪ್ರಸಾಧನಗಳ ಸರಣಿಯನ್ನು ಮಾರಿತ್ತು. ಮಕ್ಕಳ ಸಾವನ್ನು ನೋಡಿ ಖುಷಿಪಡುವ ಊರಿನ ಬಣ್ಣ ನಿಮ್ಮ ರೆಪ್ಪೆಗೂ ಇರಲಿ ಎಂಬ ಆಹ್ವಾನ ಅದು. ಕಥೆಯನ್ನು ಯಾರೂ ಕೇಳಿಸಿಕೊಂಡಿರಲಿಲ್ಲ ಎಂದುಕೊಳ್ಳೋಣ. ದುಷ್ಟ ಅಧ್ಯಕ್ಷ ಸ್ನೋ ಪಾತ್ರ ಮಾಡಿದ ಡೊನಾಲ್ಡ್ ಸದರ್‌ಲ್ಯಾಂಡ್ ಮಾತ್ರ, ಈ ಸಿನಿಮಾ ಯುವಜನರನ್ನು ರಾಜಕೀಯಕ್ಕೆ ಎಬ್ಬಿಸಲಿ ಎಂದು ಬಹಿರಂಗವಾಗಿ ಆಶಿಸಿದ್ದರು. ಥಾಯ್ಲೆಂಡಿನಲ್ಲಿ ನಿಜವಾಗಿಯೂ ಎದ್ದು ಠಾಣೆಗೆ ಹೋದಾಗ ನಿರ್ದೇಶಕ ಫ್ರಾನ್ಸಿಸ್ ಲಾರೆನ್ಸ್, ಮಕ್ಕಳು ಬಂಧನಕ್ಕೊಳಗಾಗುವುದು ತಮ್ಮ ಉದ್ದೇಶವಲ್ಲ ಎಂದು ಕಳವಳಪಟ್ಟರು. ಇಬ್ಬರದೂ ಪ್ರಾಮಾಣಿಕ ಮಾತೇ ಇರಬೇಕು.

ಈ ಸನ್ನೆಯೇ ಏಕೆ

2006ರ ದಂಗೆಯ ಆಸುಪಾಸಿನಿಂದ ಥಾಯ್ ರಾಜಕೀಯ ಬಣ್ಣಗಳಲ್ಲಿ ಒಡೆದುಹೋಗಿತ್ತು. ಆ ದಂಗೆಯಲ್ಲಿ ಅಧಿಕಾರ ಕಳೆದುಕೊಂಡ ಪ್ರಧಾನಿ ತಕ್ಸಿನ್ ಪರ ಕೆಂಪಂಗಿ, ಅರಮನೆ ಪರ ಹಳದಿಯಂಗಿ. ಯಾವ ಬಟ್ಟೆ ತೊಟ್ಟರೂ ನೀನು ಯಾರ ಕಡೆಯವನು ಎಂಬ ಪ್ರಶ್ನೆ. ಮೂರು ಬೆರಳಿಗೆ ಬಣ್ಣ ಇರಲಿಲ್ಲ. ಹಾಲಿವುಡ್ಡಿನಿಂದ ಬಂದದ್ದರಿಂದ ಅದು ಯಾರದ್ದೂ ಅಲ್ಲ. ಅರ್ಥವೂ ಸಡಿಲ: ಕೆಲವರು ಸ್ವಾತಂತ್ರ್ಯ, ಸಮಾನತೆ, ಸಹೋದರತ್ವ ಎಂದರು, ಇನ್ನು ಕೆಲವರು ಚುನಾವಣೆಯನ್ನೂ ಪ್ರಜಾಪ್ರಭುತ್ವವನ್ನೂ ಸೇರಿಸಿ ಬೇರೆ ಪಟ್ಟಿ ಮಾಡಿದರು. 2020ರಲ್ಲಿ ಮತ್ತೆ ಬೀದಿಗಿಳಿದವರು ಸಂಸತ್ತಿನ ವಿಸರ್ಜನೆ, ಹೊಸ ಸಂವಿಧಾನ, ಕಿರುಕುಳದ ಅಂತ್ಯ ಎಂಬ ಮೂರು ಬೇಡಿಕೆ ಇಟ್ಟಾಗ ಬೆರಳುಗಳು ಅದಕ್ಕೂ ಸರಿಹೊಂದಿದವು. ಈ ಸನ್ನೆಯ ಶಕ್ತಿ ಅದರ ಆಳದಲ್ಲಿತ್ತು ಎಂದು ನನಗನ್ನಿಸುವುದಿಲ್ಲ. ಅದು ಖಾಲಿ ಪಾತ್ರೆ, ಬೇಕಾದ್ದನ್ನು ತುಂಬಿಕೊಳ್ಳಬಹುದಿತ್ತು.

ಪೂರ್ತಿ ಖಾಲಿಯೂ ಅಲ್ಲವೇನೋ. ಥಾಯ್ಲೆಂಡಿನಲ್ಲಿ ಸ್ಕೌಟ್ ಚಳವಳಿ ರಾಜ ವಜಿರಾವುಧ್ 1911ರಲ್ಲಿ ಶುರುಮಾಡಿದ್ದು, ಶಾಲೆಗಳಲ್ಲಿ ಕಡ್ಡಾಯ. ನಮ್ಮಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಸೇರಿದ್ದವರ ಕೈ ಈ ಭಂಗಿಯನ್ನು ಇನ್ನೂ ಮರೆತಿರಲಾರದು: ಹೆಬ್ಬೆರಳು ಕಿರುಬೆರಳನ್ನು ಹಿಡಿದಿರುತ್ತದೆ, ಉಳಿದ ಮೂರು ನೆಟ್ಟಗೆ. ವಿಧೇಯತೆಯ ಪ್ರತಿಜ್ಞೆಗೆ ಕಲಿಸಿದ ಭಂಗಿಯೇ ಅದು. 2020ರ ಆಗಸ್ಟ್‌ನಲ್ಲಿ ಥಾಯ್ ಶಾಲಾ ಮಕ್ಕಳು ಬೆಳಿಗ್ಗೆ ಎಂಟರ ಧ್ವಜವಂದನೆಯಲ್ಲಿ, ರಾಷ್ಟ್ರಗೀತೆ ನಡೆಯುತ್ತಿರುವಾಗಲೇ, ಸಮವಸ್ತ್ರದಲ್ಲಿ ಸಾಲಾಗಿ ನಿಂತು ಮೂರು ಬೆರಳು ಎತ್ತಿದರು. ಕೈ ಎತ್ತುವುದನ್ನು ಕಲಿಸಿದ್ದ ಅಂಗಳದಲ್ಲೇ ಅದು ನಡೆಯಿತು. ಆ ವರ್ಷದ ಅಕ್ಟೋಬರ್ 14ರಂದು ರಾಣಿಯ ಕಾರು ಸಾಗುವಾಗಲೂ ಜನ ಕೈ ಎತ್ತಿದರು. ಮರುದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ತುರ್ತು ಆದೇಶ ಬಂತು: ಐದು ಅಥವಾ ಹೆಚ್ಚು ಜನ ಸೇರುವಂತಿಲ್ಲ.

ಖೋನ್ ಕೇನ್‌ನ ಐವರಲ್ಲಿ ಒಬ್ಬರಾದ ಜತುಪತ್ ಬೂನ್‌ಪತ್ತರಾರಕ್ಸಾ 2016ರ ಡಿಸೆಂಬರ್‌ನಲ್ಲಿ ಹೊಸ ರಾಜನ ಬಗೆಗಿನ ಬಿಬಿಸಿ ಥಾಯ್ ಲೇಖನವನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಂಡದ್ದಕ್ಕೆ ಬಂಧಿತರಾದರು. ಎರಡೂವರೆ ವರ್ಷದ ಶಿಕ್ಷೆಯಾಯಿತು. 2017ರಲ್ಲಿ ದಕ್ಷಿಣ ಕೊರಿಯಾದ ಗ್ವಾಂಗ್ಜು ಮಾನವ ಹಕ್ಕುಗಳ ಪ್ರಶಸ್ತಿ ಬಂದಾಗ ಅವರು ಜೈಲಿನಲ್ಲಿದ್ದರು. ಕ್ಯಾಟ್ನಿಸ್ ಮೂರು ಪುಸ್ತಕಗಳಲ್ಲಿ ಒಂದು ಸರ್ಕಾರವನ್ನು ಕೆಡವುತ್ತಾಳೆ. ಪ್ರಯುತ್ 2023ರವರೆಗೆ ಪ್ರಧಾನಿಯಾಗಿಯೇ ಇದ್ದರು.

ಗಡಿಯಾಚೆ

2021ರ ಫೆಬ್ರುವರಿ 1ರಂದು ಪಕ್ಕದ ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಕೆಲವೇ ದಿನಗಳಲ್ಲಿ ಆಸ್ಪತ್ರೆಗಳ ವೈದ್ಯರು, ದಾದಿಯರು ಕೆಂಪು ಪಟ್ಟಿ ಕಟ್ಟಿಕೊಂಡು ಮೂರು ಬೆರಳು ಎತ್ತಿದ ಚಿತ್ರಗಳು ಬಂದವು. ಈ ಸಲ ಸನ್ನೆ ಬಂದದ್ದು ಅಮೆರಿಕದ ಸಿನಿಮಾದಿಂದಲ್ಲ, ಬ್ಯಾಂಕಾಕಿನ ಬೀದಿಯಿಂದ. ಫೆಬ್ರುವರಿ 26ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮ್ಯಾನ್ಮಾರ್ ರಾಯಭಾರಿ ಕ್ಯಾವ್ ಮೋ ತುನ್ ತಮ್ಮ ದೇಶದ ಸೇನೆಯ ವಿರುದ್ಧವೇ ಮಾತನಾಡಿ, ಕೊನೆಯಲ್ಲಿ ಕೈ ಎತ್ತಿ ಅದೇ ಮೂರು ಬೆರಳು ತೋರಿಸಿದರು. ಮರುದಿನ ಸೇನೆ ಅವರನ್ನು ವಜಾ ಮಾಡಿದ್ದಾಗಿ ಘೋಷಿಸಿತು.

ಇಲ್ಲಿ ಮಾಲ್ ಇರಲಿಲ್ಲ, ಸ್ಯಾಂಡ್‌ವಿಚ್ ಇರಲಿಲ್ಲ, ‘ಮನೋಭಾವ ತಿದ್ದುವುದು’ ಇರಲಿಲ್ಲ. ಗುಂಡು ಇತ್ತು. ಮಾರ್ಚ್ 3ರಂದು ಮ್ಯಾಂಡಲೆಯ ಪ್ರತಿಭಟನೆಯಲ್ಲಿ ಹತ್ತೊಂಬತ್ತು ವರ್ಷದ ಕ್ಯಾಲ್ ಸಿನ್ ಗುಂಡೇಟಿಗೆ ಸತ್ತಳು. ಅಂದು ಅವಳು ತೊಟ್ಟಿದ್ದ ಕಪ್ಪು ಟೀ ಶರ್ಟಿನ ಮೇಲೆ, ಎಲ್ಲ ಸರಿಹೋಗುತ್ತದೆ ಎಂಬ ಇಂಗ್ಲಿಷ್ ಬರಹವಿತ್ತು.

ಮರುದಿನ ಅವಳ ಶವಯಾತ್ರೆಗೆ ಮ್ಯಾಂಡಲೆಯಲ್ಲಿ ಭಾರಿ ಜನ ಸೇರಿದರು. ಹಾಡಿದರು, ಅತ್ತರು, ಪೆಟ್ಟಿಗೆ ಸಾಗುವಾಗ ಮೂರು ಬೆರಳು ಎತ್ತಿ ಹಿಡಿದರು. ಮಾಲ್, ಭಾಷಣ, ಧ್ವಜವಂದನೆಗಳನ್ನೆಲ್ಲ ಸುತ್ತಿ ಬಂದ ಸನ್ನೆ ಕಾಲಿನ್ಸ್ ಅದನ್ನು ಮೊದಲು ಇಟ್ಟಿದ್ದ ಜಾಗಕ್ಕೆ ಬಂದು ನಿಂತಿತ್ತು. ಅಲ್ಲಿದ್ದವರಲ್ಲಿ ಎಷ್ಟು ಜನ ಆ ಪುಟವನ್ನು ಓದಿದ್ದರೋ. ಓದಿರಬೇಕಾದ ಅಗತ್ಯವೂ ಇರಲಿಲ್ಲ.

ಮಾರ್ಚ್ 5ರಂದು ಅಧಿಕಾರಿಗಳು ಸ್ಮಶಾನಕ್ಕೆ ಬಂದು ಗೋರಿ ಅಗೆದು ಶವ ಹೊರತೆಗೆದು ಪರೀಕ್ಷಿಸಿದರು. ಮತ್ತೆ ಹೂಳುವಾಗ ಮಣ್ಣಿನ ಮೇಲೆ ಸಿಮೆಂಟ್ ಹಾಕಿದರು.